ಪರವಾಗಿಲ್ಲ ಚಿಕ್ಕಪ್ಪನ ವಿರೋಧ

ನಮ್ಮ ಚಿಕ್ಕಪ್ಪನಿಗೆ ಹುಟ್ಟಿದಾಗ ಇಟ್ಟ ಹೆಸರೊಂದು ಇದೆ. ಅದು ಬ್ಯಾಂಕಿನವರಿಗೆ ಮತ್ತು ಆಸ್ಪತ್ರೆಯವರಿಗೆ ಮಾತ್ರ ಗೊತ್ತು. ಮಿಕ್ಕ ಲೋಕಕ್ಕೆ ಅವರು ‘ಪರವಾಗಿಲ್ಲ’. ಕೊರಿಯರ್‌ನವನು ಕೆಳಗೆ ನಿಂತು ಅವರ ಪೂರ್ತಿ ಹೆಸರು ಕೂಗಿದರೆ ಇಡೀ ಕಟ್ಟಡ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಆ ಥರದೋರು ಇಲ್ಲಿ ಯಾರೂ ಇಲ್ಲಪ್ಪ” ಅನ್ನುತ್ತದೆ. ‘ಪರವಾಗಿಲ್ಲ ಸಾರ್ ಮನೆ’ ಎಂದು ಕೇಳಿದರೆ ಕಾಂಪೌಂಡಿನ ಬೆಕ್ಕು ಕೂಡ ಮುಂದೆ ನಡೆದು ದಾರಿ ತೋರಿಸುತ್ತದೆ.

ಈ ಹೆಸರು ಪುಕ್ಕಟೆ ಬಂದದ್ದಲ್ಲ. ದುಡಿದು ಸಂಪಾದಿಸಿದ್ದು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ತುಳಿದವರಿಗೆ ಗೊತ್ತಾಗುವ ಮೊದಲೇ ಚಿಕ್ಕಪ್ಪ “ಪರವಾಗಿಲ್ಲ” ಅಂದಿರುತ್ತಾರೆ. ಒಮ್ಮೆ ಹಲ್ಲಿನ ಡಾಕ್ಟರು ನೋವಿದ್ದ ಹಲ್ಲು ಬಿಟ್ಟು ಅದರ ಪಕ್ಕದ್ದನ್ನು ಕಿತ್ತರು. ಚಿಕ್ಕಪ್ಪ ಬಾಯಿ ತುಂಬ ಹತ್ತಿ ಇಟ್ಟುಕೊಂಡೇ “ಫರಫಾಗಿಲ್ಲ” ಅಂದರು. ಡಾಕ್ಟರಿಗೆ ಬೇಜಾರಾದೀತೆಂದು ಮತ್ತೆ ಅವರ ಹತ್ತಿರವೇ ಹೋಗಿ ಸರಿಯಾದ ಹಲ್ಲನ್ನೂ ಕೀಳಿಸಿಕೊಂಡು ಬಂದರು. ನಾನು ಕಾಲೇಜಿಗೆಂದು ಅವರ ಮನೆಯಲ್ಲೇ ಇರುವುದರಿಂದ ಇದಕ್ಕೆಲ್ಲ ಕಣ್ಣಾರೆ ಸಾಕ್ಷಿ.

ಚಿಕ್ಕಪ್ಪನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಉಜ್ಜಿ, ಅಂಚು ನುಣುಪು ಮಾಡಿ, ಚೌಕಟ್ಟಿಗೆ ಕೂರಿಸುವುದು. ಚಿಕ್ಕಮ್ಮನ ಕೆಲಸ ಹೊಲಿಗೆ. ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ ಇದೆ. ಯಾವ ಮನೆಗೂ ಸೇರದ, ಎಲ್ಲರಿಗೂ ಸೇರಿದ ಕೋಣೆ. ಅದರಲ್ಲಿ ಚಿಕ್ಕಮ್ಮನ ಹೊಲಿಗೆ ಮಿಷನ್ನು, ಒಂದು ಕತ್ತರಿಸುವ ಮೇಜು, ಬಣ್ಣಬಣ್ಣದ ದಾರದ ಉಂಡೆಗಳು. ಕಟ್ಟಡದ ಅರ್ಧ ಜನರ ಪರದೆ, ಮುಕ್ಕಾಲು ಮಕ್ಕಳ ಯೂನಿಫಾರಮ್ಮು ಹುಟ್ಟಿದ್ದು ಅಲ್ಲೇ.

ಸ್ವಭಾವದಲ್ಲಿ ಚಿಕ್ಕಮ್ಮ ಬೇರೆ ಕಂಪನಿ. ಅವರು ಬೇಡ ಎಂದರೆ ಬೇಡ. ಆದರೆ ಮನೆಯಲ್ಲಿ ಜಗಳ ಆಡಬೇಕೆಂದರೆ ಎದುರು ಪಕ್ಷವೇ ಇಲ್ಲ. “ಗೋಡೆಗೆ ಚೆಂಡು ಹೊಡೆದ್ರೂ ವಾಪಸ್ ಬರುತ್ತೆ ಕಣೇ,” ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು. “ಈ ಮನುಷ್ಯನಿಗೆ ಹೊಡೆದ್ರೆ ಚೆಂಡೇ ಮಾಯ. ಆ ಹಸಿರು ಪರದೆ ಹಾಕ್ದಾಗ ಹೆಂಗಿದೆ ಅಂತ ಕೇಳ್ದೆ. ಪರವಾಗಿಲ್ಲ ಅಂದ್ರು. ಚೆನ್ನಾಗಿದೆ ಅಂತಾನೋ, ಚೆನ್ನಾಗಿಲ್ಲ ಅಂತಾನೋ, ಇವತ್ತಿಗೂ ನಂಗೊತ್ತಿಲ್ಲ.”

ಇಂಥ ಮನುಷ್ಯ ಒಂದು ಕಥೆ ಬರೆದರು.

ಯಾಕೆ ಬರೆದರು ಎಂದು ಕೇಳಬಾರದು. ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಕಥೆ ಬರುತ್ತದೆ. ಹತ್ತಿರದ ಗ್ರಂಥಾಲಯದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಶನಿವಾರ ಸಂಜೆ ಕಥೆ ಓದಿಸುತ್ತಿದ್ದರು. ಒಳ್ಳೆಯ ಕಥೆಗಳನ್ನು ಸೇರಿಸಿ ಪುಸ್ತಕ ಮಾಡುವ ಯೋಜನೆ ಅವರದು. ಚಿಕ್ಕಪ್ಪ ಅಲ್ಲಿಗೆ ಹೋಗಿ, ಗಂಟಲು ಸರಿ ಮಾಡಿಕೊಂಡು ಓದಿದರು. ಜೊತೆಗೆ ಹೋದ ನಾನು ಹಿಂದಿನ ಸಾಲಿನಲ್ಲಿ ಕೂತೆ. ಕಥೆ ಇಷ್ಟು: ಒಬ್ಬನ ಕೊಡೆ ಮುರಿಯುತ್ತದೆ. ಅವನು ರಿಪೇರಿಗೆ ಹೋಗುತ್ತಾನೆ. ರಿಪೇರಿಯವನು ಅಂಗಡಿ ತೆರೆದಿರುತ್ತಾನೆ. ಕೊಡೆ ಸರಿಯಾಗುತ್ತದೆ. ಇಬ್ಬರೂ ಟೀ ಕುಡಿಯುತ್ತಾರೆ. ಮಳೆ ಬರುವುದಿಲ್ಲ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಮುಚ್ಚಿಕೊಂಡೇ ಇದ್ದರು.

“ಭಾಷೆ ಚೆನ್ನಾಗಿದೆ. ಆದ್ರೆ ಸಂಘರ್ಷ ಎಲ್ರೀ?”

“ಕೊಡೆ ಮುರೀತಲ್ಲ ಸಾರ್.”

“ರಿಪೇರಿ ಆಗೋಯ್ತಲ್ಲ.”

“ಆಗ್ಬೇಕಲ್ವಾ ಸಾರ್, ಪಾಪ.”

“ನೋಡಿ, ಒಬ್ಬನಿಗೆ ಏನೋ ಬೇಕು. ಅದಕ್ಕೆ ಇನ್ನೊಬ್ಬ ಅಡ್ಡ ಬರ್ಬೇಕು. ಆಗ ಕಥೆ.”

“ಅಡ್ಡ ಬರೋನಿಗೂ ಏನೋ ಕಷ್ಟ ಇರುತ್ತಲ್ವಾ ಸಾರ್?”

“ಇರ್ಲಿ ಬಿಡ್ರೀ. ಅವನ ಕಷ್ಟ ಇವನ ಕಷ್ಟಕ್ಕೆ ತಿಕ್ಕಬೇಕು. ನಿಮ್ಮ ಅಂಗಡೀಲಿ ಗಾಜು ಉಜ್ಜದೆ ಕನ್ನಡಕ ಆಗುತ್ತಾ?”

“ಇಲ್ಲ ಸಾರ್. ಆದ್ರೆ ನೀರು ಬಿಟ್ಟು ಉಜ್ಜಬೇಕು. ಇಲ್ದಿದ್ರೆ ಬಿಸಿಯಾಗಿ ಒಡೆಯುತ್ತೆ.”

ಮೇಷ್ಟ್ರು ನೇರ ವಿಷಯಕ್ಕೆ ಬಂದರು. “ನೀವು ಯಾರ ಹತ್ರಾನಾದ್ರೂ ಜಗಳ ಆಡಿದೀರಾ?”

ಚಿಕ್ಕಪ್ಪ ಪ್ರಾಮಾಣಿಕವಾಗಿ ಯೋಚಿಸಿ, “ಸಂದರ್ಭ ಬರ್ಲಿಲ್ಲ ಸಾರ್” ಅಂದರು.

“ಹೋಗಿ ಒಂದು ಜಗಳ ಆಡ್ಕೊಂಡು ಬನ್ನಿ. ಆಮೇಲೆ ಬರೀರಿ. ಪುಸ್ತಕದಲ್ಲಿ ನಿಮಗೆ ಜಾಗ ಇಟ್ಟಿರ್ತೀನಿ.”

ಚಿಕ್ಕಪ್ಪ ವಿಧೇಯ ವಿದ್ಯಾರ್ಥಿ. ಮರುದಿನವೇ ಹೋಂವರ್ಕಿಗೆ ಕೂತರು. ಮೊದಲು ಕನ್ನಡಿ ಮುಂದೆ ನಿಂತು, ಹುಬ್ಬು ಗಂಟು ಹಾಕಿ, “ಏನ್ರೀ ಇದು” ಎನ್ನುವುದನ್ನು ಅಭ್ಯಾಸ ಮಾಡಿದರು. ಹುಬ್ಬು ಗಂಟಾಗಲಿಲ್ಲ, ಒಂದು ಮೇಲೆ ಹೋಯಿತು, ಇನ್ನೊಂದು ಹೋಗಲಿಲ್ಲ. ಪರವಾಗಿಲ್ಲ ಎಂದು ಹಿಂದಿನ ದಿನ ಕೊಂಡಿದ್ದ ಹಳಸಲು ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಬೇಕರಿಗೆ ಹೊರಟರು.

ಬೇಕರಿಯವನ ಕೈಗೆ ದಪ್ಪ ಬ್ಯಾಂಡೇಜು.

“ಏನ್ರೀ ಇದು,” ಅಂದರು ಚಿಕ್ಕಪ್ಪ, ಅಭ್ಯಾಸ ಮಾಡಿದ್ದಂತೆಯೇ.

“ಒಲೆ ತಾಗಿ ಸುಟ್ಕೊಂಡೆ ಸಾರ್. ನೀವೊಬ್ರೇ ಕೇಳಿದ್ದು ನೋಡಿ.”

ಅಲ್ಲಿಗೆ ಜಗಳ ಮುಗಿಯಿತು. ಚಿಕ್ಕಪ್ಪ ಯಾವ ಮುಲಾಮು ಒಳ್ಳೆಯದು ಎಂದು ಹೇಳಿ, ಅವನ ಬದಲು ಶಟರು ಎತ್ತಿಕೊಟ್ಟು, ಬರುವಾಗ ಅದೇ ತಟ್ಟೆಯ ಇನ್ನೊಂದು ಹಳಸಲು ಬ್ರೆಡ್ಡು ಕೊಂಡು ತಂದರು.

ಮನೆಯಲ್ಲಿ ಎರಡನೇ ಪ್ರಯತ್ನ. ಊಟಕ್ಕೆ ಕೂತವರು ತುತ್ತು ಬಾಯಿಗಿಡುವ ಮೊದಲೇ “ಉಪ್ಪು ಜಾಸ್ತಿಯಾಗಿದೆ” ಅಂದರು. ಚಿಕ್ಕಮ್ಮ ಅವರ ಮುಖವನ್ನು ಜ್ವರ ನೋಡುವ ಹಾಗೆ ನೋಡಿದರು.

“ಇವತ್ತು ಉಪ್ಪೇ ಹಾಕಿಲ್ಲ. ಮರ್ತಿದ್ದೆ. ನೀವು ಹೇಳಿದ್ದು ಒಳ್ಳೇದಾಯ್ತು, ತಗೊಳ್ಳಿ,” ಎಂದು ಉಪ್ಪಿನ ಡಬ್ಬಿ ಮುಂದೆ ತಳ್ಳಿದರು.

“ಪರವಾಗಿಲ್ಲ,” ಅಂದರು ಚಿಕ್ಕಪ್ಪ.

ಇಷ್ಟರಲ್ಲಿ ನಮ್ಮ ಕಟ್ಟಡದ ಸಭೆ ಬಂತು. ಅದು ಬಂದದ್ದಕ್ಕೆ ಕಾರಣ ಅಧ್ಯಕ್ಷರ ಟ್ರೆಡ್‌ಮಿಲ್. ಅಧ್ಯಕ್ಷರಿಗೆ ಹೊಟ್ಟೆ ಇಳಿಸುವ ಆಸೆ ಹುಟ್ಟಿ, ನಿಂತಲ್ಲೇ ಓಡುವ ಆ ಯಂತ್ರವನ್ನು ತಂದು ಹಾಲಿನಲ್ಲಿ ನಿಲ್ಲಿಸಿದ್ದರು. ಅವರ ಹೆಂಡತಿ ಅದರ ಮೇಲೆ ಒದ್ದೆ ಟವೆಲ್ಲು ಒಣಗಿಸತೊಡಗಿದ್ದರು. ಯಂತ್ರಕ್ಕೆ ಮನೆಯಲ್ಲಿ ಮರ್ಯಾದೆ ಇಲ್ಲವೆಂದು ಮನಗಂಡ ಅಧ್ಯಕ್ಷರು, ಮೆಟ್ಟಿಲ ಕೆಳಗಿನ ಕೋಣೆಯನ್ನು ‘ನಿವಾಸಿಗಳ ವ್ಯಾಯಾಮ ಕೇಂದ್ರ’ ಮಾಡಬೇಕೆಂದು ಸಭೆ ಕರೆದರು. ಎಲ್ಲರಿಗೂ ಸೇರಿದ ಜಾಗವನ್ನು ಬದಲಿಸಬೇಕಾದರೆ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡವೆಂದರೂ ಆಗದು ಎಂಬುದು ಕಟ್ಟಡದ ನಿಯಮ.

ಮನೆಗೊಂದು ಮತ. ಚಿಕ್ಕಮ್ಮನಿಗೆ ಅವತ್ತೇ ಒಂದು ಹೋಟೆಲಿನ ಪರದೆಗಳನ್ನು ಮುಗಿಸಿ ಕೊಡಬೇಕಿತ್ತು. ಚಿಕ್ಕಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ, ಕಾಲರು ಸರಿ ಮಾಡಿ ಹೇಳಿದರು: “ಆ ರೂಮು ಹೋದ್ರೆ ನನ್ನ ಕೆಲಸ ಹೋಯ್ತು. ನೀವು ಹೇಳ್ಬೇಕಾಗಿರೋದು ಎರಡೇ ಅಕ್ಷರ. ಬೇ, ಡ. ಎಲ್ಲಿ ಹೇಳಿ.”

“ಬೇಡ,” ಅಂದರು ಚಿಕ್ಕಪ್ಪ.

“ಅಲ್ಲೂ ಹೀಗೇ.”

ಸಭೆ ನಡೆದದ್ದು ಅಧ್ಯಕ್ಷರ ಹಾಲಿನಲ್ಲಿ, ಟವೆಲ್ಲು ಹೊದ್ದ ಟ್ರೆಡ್‌ಮಿಲ್ಲಿನ ಸುತ್ತ. ಗದ್ದಲದಲ್ಲಿ ಕೂತು ಓದುವುದಕ್ಕಿಂತ ಗದ್ದಲ ನೋಡುವುದೇ ಮೇಲೆಂದು ನಾನೂ ಹೋಗಿದ್ದೆ. ಬರೆದುಕೊಳ್ಳಲು ಹೊಸ ಕಾರ್ಯದರ್ಶಿ. ಕೋರ್ಟಿನಲ್ಲಿ ಜೀವಮಾನವೆಲ್ಲ ಸಾಕ್ಷಿಗಳ ಮಾತನ್ನು ಟೈಪು ಮಾಡಿ ನಿವೃತ್ತರಾದವರು, ನಮ್ಮ ಕಟ್ಟಡಕ್ಕೆ ಆಗಷ್ಟೇ ಬಾಡಿಗೆಗೆ ಬಂದಿದ್ದರು. ಎಲ್ಲರೂ ಬೇಗ ಮನೆಗೆ ಹೋಗುವ ಆತುರದಲ್ಲಿ ಕೈ ಎತ್ತಿದರು. ಮೇಲಿನ ಮನೆಯ ಅಜ್ಜಿ ಎರಡೂ ಕೈ ಎತ್ತಿದರು. ಚಿಕ್ಕಪ್ಪನ ಸರದಿ ಬಂತು.

ಅಧ್ಯಕ್ಷರು ಜಾಣರು. ‘ಬೇಕೋ ಬೇಡವೋ’ ಎಂದು ಕೇಳಿದ್ದರೆ ಚಿಕ್ಕಪ್ಪ ಅಭ್ಯಾಸ ಮಾಡಿದ್ದನ್ನು ಹೇಳಿಬಿಡುತ್ತಿದ್ದರೋ ಏನೋ. ಅವರು ಎದೆ ಮೇಲೆ ಕೈ ಇಟ್ಟು, ದನಿ ತಗ್ಗಿಸಿ, “ಇದ್ರಿಂದ ನಿಮ್ಮ ಮನೆಯವರಿಗೇ ತೊಂದ್ರೆ, ನಂಗೊತ್ತು. ತುಂಬಾ ಸಂಕಟ ಆಗುತ್ತೆ ನಂಗೆ” ಅಂದರು.

ಎದುರಿಗಿರುವವರಿಗೆ ಸಂಕಟವಾದರೆ ಚಿಕ್ಕಪ್ಪನ ಬಾಯಿಂದ ಏನು ಬರುತ್ತದೆಯೋ ಅದೇ ಬಂತು.

“ಪರವಾಗಿಲ್ಲ.”

ಅಧ್ಯಕ್ಷರು ನಿಟ್ಟುಸಿರು ಬಿಟ್ಟು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು. ಜನ ಚಪ್ಪಲಿ ಹುಡುಕತೊಡಗಿದರು. ಆಗ ಕಾರ್ಯದರ್ಶಿಗಳು ತಲೆ ಎತ್ತದೆ ಹೇಳಿದರು: “ವಿರೋಧ, ಒಂದು.”

“ವಿರೋಧಾನಾ? ಎಲ್ರೀ?” ಅಂದರು ಅಧ್ಯಕ್ಷರು.

“ಈಗ ಹೇಳಿದ್ರಲ್ಲ. ಪರವಾಗಿ, ಇಲ್ಲ. ಪರವಾಗಿ ಇಲ್ಲ ಅಂದ್ಮೇಲೆ ವಿರುದ್ಧವಾಗಿ ಇದಾರೆ.”

“ಅಯ್ಯೋ, ಅವರು ಯಾವಾಗ್ಲೂ ಹಂಗೇ ಅಂತಾರ್ರೀ.”

“ಯಾವಾಗ್ಲೂ ವಿರೋಧಾನಾ?” ಕಾರ್ಯದರ್ಶಿಗಳು ಮೊದಲ ಸಲ ಕನ್ನಡಕ ಸರಿಮಾಡಿಕೊಂಡು ಚಿಕ್ಕಪ್ಪನನ್ನು ಗೌರವದಿಂದ ನೋಡಿದರು. “ಗಟ್ಟಿ ಮನುಷ್ಯ.”

“ಅವರನ್ನೇ ಕೇಳಿ ಬೇಕಾದ್ರೆ.”

“ಕೇಳ್ತೀನಿ. ತಾವು ಹೇಳಿದ್ದು ‘ಪರವಾಗಿಲ್ಲ’ ಅಂತಾನೋ, ಅಲ್ವೋ? ಹೌದು ಇಲ್ಲ ಅಷ್ಟೇ ಹೇಳಿ.”

“ಹೌದು. ಆದ್ರೆ...”

“ಆದ್ರೆ ಬೇಡ. ಹೌದು ಅಂದಿದಾರೆ.”

ಚಿಕ್ಕಪ್ಪನಿಗೆ ಗಾಬರಿಯಾಯಿತು. ತನ್ನಿಂದ ಇಷ್ಟು ಜನಕ್ಕೆ ತೊಂದರೆಯಾಗುತ್ತಿದೆಯೆಂದು ಎರಡೂ ಕೈ ಅಡ್ಡ ಆಡಿಸಿ, “ಹೋಗ್ಲಿ ಬಿಡಿ ಸಾರ್, ಪರವಾಗಿಲ್ಲ, ಪರವಾಗಿಲ್ಲ” ಅಂದರು.

“ಮತ್ತೆ ಮತ್ತೆ ಹೇಳ್ತಿದಾರೆ, ಕೈ ಬೇರೆ ಅಡ್ಡ ಆಡಿಸ್ತಿದಾರೆ,” ಅಂದರು ಕಾರ್ಯದರ್ಶಿಗಳು. “ಇನ್ನೇನು ಬೇಕು ನಿಮಗೆ? ಅರ್ಥ ಮಾಡ್ಕೊಳ್ಳೋದು ನನ್ನ ಕೆಲಸ ಅಲ್ಲ. ಹೇಳಿದ್ದನ್ನ ಬರ್ಕೊಳ್ಳೋದು ನನ್ನ ಕೆಲಸ.”

ಅಧ್ಯಕ್ಷರು ಇದನ್ನು ಒಪ್ಪದ್ದರಿಂದ ನಿರ್ಧಾರ ಮುಂದಿನ ಭಾನುವಾರಕ್ಕೆ ಹೋಯಿತು.

ಕೆಳಗಿನ ಮಹಡಿಯಿಂದ ನಮ್ಮ ಮನೆಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲು ಹತ್ತಿತ್ತು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ಕುರ್ಚಿ ಎಳೆದು ಕೊಟ್ಟರು. ಫ್ಯಾನನ್ನು ಚಿಕ್ಕಪ್ಪನ ಕಡೆ ತಿರುಗಿಸಿದರು. ಟೀ ಕೊಟ್ಟರು, ಅದೂ ಕೆನೆ ತೆಗೆದ ಟೀ. ಮದುವೆಯಾದ ಲಾಗಾಯ್ತು ಚಿಕ್ಕಪ್ಪ ಕೆನೆ ಇರುವ ಟೀ ಕುಡಿದು ಪರವಾಗಿಲ್ಲ ಅನ್ನುತ್ತಿದ್ದವರು. ಅವರಿಗೆ ಕೆನೆ ಸೇರುವುದಿಲ್ಲವೆಂದು ಚಿಕ್ಕಮ್ಮನಿಗೆ ಗೊತ್ತಿತ್ತು ಎಂಬುದು ಅವತ್ತು ಬಯಲಾಯಿತು.

ಚಿಕ್ಕಪ್ಪ ನನ್ನ ಕಡೆ ತಿರುಗಿ ಕಣ್ಣಲ್ಲೇ ‘ಏನ್ ಮಾಡೋದು’ ಅಂದರು. ನಾನು ಕಣ್ಣಲ್ಲೇ ‘ಟೀ ಕುಡೀರಿ’ ಅಂದೆ.

ಮರುದಿನದಿಂದ ಆ ಹಳೇ ಮಾತಿಗೆ ಹೊಸ ಹಲ್ಲು ಬಂತು. ಅಂಗಡಿಯ ಮಾಲೀಕರು, “ಇವತ್ತು ಸ್ವಲ್ಪ ಲೇಟಾಗಿ ಹೋಗ್ತೀರಾ?” ಎಂದು ಕೇಳಿದರು. ಚಿಕ್ಕಪ್ಪ “ಪರವಾಗಿಲ್ಲ ಸಾರ್” ಅಂದರು. ಮಾಲೀಕರು ಒಂದು ಕ್ಷಣ ತಡೆದು, “ಬೇಡ ಬೇಡ, ನೀವು ಹೊರಡಿ, ಸುಮ್ನೆ ಕೇಳ್ದೆ” ಅಂದರು. ಮೇಲಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿ, “ನನ್ನ ಮಗ ಟೀವಿ ಸೌಂಡು ಕಮ್ಮಿ ಮಾಡು ಅಂತಾನೆ ಕಣಪ್ಪ. ಬಂದು ಒಂಚೂರು ವಿರೋಧಿಸ್ಬಿಟ್ಟು ಹೋಗು” ಅಂದರು.

ಕಟಿಂಗ್ ಶಾಪಿನಲ್ಲಿ ನಡೆದದ್ದು ಇನ್ನೂ ಗಂಭೀರ. ಕೂದಲು ಕತ್ತರಿಸಿ ಮುಗಿಸಿದವನು, ಹಿಂದೆ ಕನ್ನಡಿ ಹಿಡಿದು, “ಹೆಂಗಿದೆ ಸಾರ್?” ಅಂದ.

“ಪರವಾಗಿಲ್ಲ.”

ಕತ್ತರಿ ನಿಂತಿತು. ಅವನ ಅಕ್ಕನ ಮನೆ ನಮ್ಮ ಕಟ್ಟಡದಲ್ಲೇ. “ಸಾರಿ ಸಾರ್, ಇನ್ನೂ ಸ್ವಲ್ಪ ತೆಗೀತೀನಿ.” ತೆಗೆದ. “ಈಗ?”

“ಈಗ್ಲೂ ಪರವಾಗಿಲ್ಲ.”

“ಪಕ್ಕದಲ್ಲೂ ತೆಗ್ದುಬಿಡ್ತೀನಿ ಸಾರ್, ಕೋಪ ಮಾಡ್ಕೋಬೇಡಿ.”

“ಛೇ ಛೇ, ಪರವಾಗಿಲ್ಲಪ್ಪ.”

ಹೀಗೆ ಒಬ್ಬರಿಗೊಬ್ಬರು ಬೇಜಾರು ಮಾಡಬಾರದೆಂದು ಇಬ್ಬರೂ ಪಣ ತೊಟ್ಟು ಮುಂದುವರಿದ ಪರಿಣಾಮ, ಚಿಕ್ಕಪ್ಪ ಹೊರಬಂದಾಗ ತಲೆ ಮೇಲೆ ಬಿಸಿಲು ನೇರವಾಗಿ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಕಟ್ಟಡದಲ್ಲಿ, “ಶಪಥ ಮಾಡಿದಾರಂತೆ. ರೂಮು ಉಳಿಯೋವರೆಗೂ ಕೂದ್ಲು ಬಿಡಲ್ವಂತೆ” ಎಂದು ಮಾತಾಯಿತು. ಚಿಕ್ಕಮ್ಮ ಆ ಬೋಳು ತಲೆಯನ್ನು ಒಮ್ಮೆ ಮುಟ್ಟಿ ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು.

ಶುಕ್ರವಾರ ಅಧ್ಯಕ್ಷರು ಮನೆಗೇ ಬಂದರು. ಚಿಕ್ಕಮ್ಮ ಕೆಳಗೆ ಹೊಲಿಯುತ್ತಿದ್ದರು. ಅಧ್ಯಕ್ಷರು ಕುರ್ಚಿಯ ತುದಿಯಲ್ಲಿ ಕೂತು, ಗುಟ್ಟಿನ ದನಿಯಲ್ಲಿ ಕೇಳಿದರು.

“ನಿಜ ಹೇಳ್ಬಿಡಿ. ಅವತ್ತು ನೀವು ಅಂದಿದ್ದು ಒಟ್ಟಿಗೋ, ಬಿಡಿಸಿಯೋ?”

ಚಿಕ್ಕಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೂ ಒಂದು ಬಗೆಯ ಸಂಘರ್ಷ ಬೇಕಾಗುತ್ತದೆ. “ಒಟ್ಟಿಗೇ ಸಾರ್.”

“ನಂಗೊತ್ತಿತ್ತು. ಭಾನುವಾರ ಅದನ್ನೇ ಎಲ್ಲರೆದುರು ಹೇಳ್ಬಿಡಿ. ನಿಮ್ಮ ಮನೆಯವರೂ ಬರ್ಲಿ, ಅವರಿಗೂ ಗೊತ್ತಾಗ್ಲಿ. ನಿಮಗೇನೂ ತೊಂದ್ರೆ ಇಲ್ವಲ್ಲ?”

“ಪರವಾಗಿಲ್ಲ.”

ಬಾಗಿಲ ತನಕ ಹೋದ ಅಧ್ಯಕ್ಷರು ಗಕ್ಕನೆ ತಿರುಗಿ, “ಇದು ಯಾವುದು?” ಅಂದರು. ಆಮೇಲೆ ತಮ್ಮಷ್ಟಕ್ಕೆ ಗೊಣಗಿಕೊಂಡು ಇಳಿದುಹೋದರು.

ಈಗ ಚಿಕ್ಕಪ್ಪನ ಮುಂದೆ ಇದ್ದದ್ದು ಸರಳ ಲೆಕ್ಕ. ಸತ್ಯ ಹೇಳಿದರೆ ಕೋಣೆ ಹೋಗುತ್ತದೆ, ಜೊತೆಗೆ ಕೆನೆ ತೆಗೆದ ಟೀ ಕೂಡ. ಹೇಳದಿದ್ದರೆ ಅಧ್ಯಕ್ಷರು ಹೇಳುತ್ತಾರೆ. ಅದಕ್ಕಿಂತ ತಾನೇ ಮೊದಲು ಹೆಂಡತಿಗೆ ಹೇಳುವುದು ಮೇಲೆಂದು ಮೆಟ್ಟಿಲಿಳಿದು ಕೋಣೆಗೆ ಹೋದರು. ಚಿಕ್ಕಮ್ಮ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದರು. ಚಿಕ್ಕಪ್ಪ ಅದನ್ನು ಇಸಿದುಕೊಂಡು ಪೋಣಿಸಿ ಕೊಟ್ಟರು. ನಾನು ಯೂನಿಫಾರಮ್ಮಿನ ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತ ಮೂಲೆಯಲ್ಲಿದ್ದೆ.

“ನಿಂಗೊಂದು ವಿಷಯ ಹೇಳ್ಬೇಕು. ಅವತ್ತು ಸಭೇಲಿ ನಾನು ‘ಬೇಡ’ ಅಂತ ಅನ್ಲಿಲ್ಲ.”

“ಗೊತ್ತು.”

“‘ಪರವಾಗಿಲ್ಲ’ ಅಂದೆ.”

“ಅದೂ ಗೊತ್ತು. ಬಿಡಿಸಿ ಬಿಡಿಸಿ ಹೇಳಿದ್ರಂತೆ, ಕೈ ಬೇರೆ ಆಡಿಸಿದ್ರಂತೆ. ಕಾರ್ಯದರ್ಶಿಗಳ ಹೆಂಡತಿ ಹೇಳಿದ್ರು, ಅವರ ಯಜಮಾನ್ರು ಕೋರ್ಟಲ್ಲೂ ಇಂಥ ಸಾಕ್ಷಿ ನೋಡಿಲ್ವಂತೆ.” ಚಿಕ್ಕಮ್ಮ ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡೇ ಇದ್ದರು. “ನೀವು ಹೋದ್ಮೇಲೆ ನಾನು ದಾರದ ಉಂಡೆ ಎಲ್ಲಾ ರಟ್ಟಿನ ಡಬ್ಬಕ್ಕೆ ತುಂಬ್ತಾ ಇದ್ದೆ, ಗೊತ್ತಾ? ರೂಮು ಹೋಯ್ತು ಅಂತಾನೇ ಅಂದ್ಕೊಂಡಿದ್ದೆ. ಇವರು ಅಲ್ಲೂ ಪರವಾಗಿಲ್ಲ ಅಂದು ಬರ್ತಾರೆ ಅಂತ. ತಪ್ಪು ತಿಳ್ಕೊಂಡ್ಬಿಟ್ಟೆ ನಿಮ್ಮನ್ನ.”

ಚಿಕ್ಕಪ್ಪ ಬಾಯಿ ತೆರೆದರು. ಮುಚ್ಚಿದರು. ಮಿಷನ್ನು ಶುರುವಾಯಿತು.

ಶನಿವಾರ ಗ್ರಂಥಾಲಯದಲ್ಲಿ ಮೇಷ್ಟ್ರು ಎಲ್ಲವನ್ನೂ ಕೇಳಿ, ಸಂತೋಷದಿಂದ ಕೈ ಕೈ ಉಜ್ಜಿಕೊಂಡರು.

“ಈಗ ನೋಡಿ ಕಥೆ ಶುರುವಾಯ್ತು.”

“ಮುಗಿಯೋದು ಹೆಂಗೆ ಸಾರ್?”

“ಅದನ್ನ ಪಾತ್ರ ತೀರ್ಮಾನ ಮಾಡುತ್ತೆ.”

“ಪಾತ್ರ ಯಾರು ಸಾರ್?”

“ನೀವೇ.”

“ನಾನು ಬರೆಯೋನು ಅಂದ್ಕೊಂಡಿದ್ದೆ ಸಾರ್,” ಅಂದರು ಚಿಕ್ಕಪ್ಪ, ತುಂಬ ಖೇದದಿಂದ.

ಭಾನುವಾರದ ಸಭೆಗೆ ಹಿಂದೆಂದೂ ಬರದವರೂ ಬಂದಿದ್ದರು. ಟ್ರೆಡ್‌ಮಿಲ್ಲಿನ ಮೇಲೂ ಇಬ್ಬರು ಕೂತಿದ್ದರು. ಚಿಕ್ಕಮ್ಮ ಹೊಲಿಯುತ್ತಿದ್ದವರು ಹಾಗೇ ಎದ್ದು ಬಂದಿದ್ದರು. ಮಣಿಕಟ್ಟಿಗೆ ಪಿನ್ನಿನ ಮೆತ್ತೆ, ತುಟಿಗಳ ನಡುವೆ ಗುಂಡುಪಿನ್ನುಗಳ ಸಾಲು. ಹೀಗಾಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಅಧ್ಯಕ್ಷರು ನೇರ ವಿಷಯಕ್ಕೆ ಬಂದರು. “ಅವತ್ತು ತಾವು ಅಂದಿದ್ದು ಒಟ್ಟಿಗೋ, ಬಿಡಿಸಿಯೋ? ಎಲ್ಲರಿಗೂ ಕೇಳೋ ಹಂಗೆ ಹೇಳಿ.”

ಚಿಕ್ಕಪ್ಪ ಎದ್ದು ನಿಂತರು. ಬೋಳು ತಲೆ ದೀಪದ ಕೆಳಗೆ ಹೊಳೆಯುತ್ತಿತ್ತು.

“ಒಟ್ಟಿಗೆ,” ಅಂದರು. “ಕಾರ್ಯದರ್ಶಿಗಳು ತಪ್ಪಾಗಿ ತಿಳ್ಕೊಂಡ್ರು. ನಾನು ಸುಮ್ನಿದ್ದುಬಿಟ್ಟೆ.”

ಹಾಲಿನಲ್ಲಿ ಗುಸುಗುಸು. ಚಿಕ್ಕಮ್ಮನ ತುಟಿಯಲ್ಲಿದ್ದ ಪಿನ್ನುಗಳು ಒಮ್ಮೆಗೇ ನೆಟ್ಟಗಾದವು.

“ಹಾಗಾದ್ರೆ ವಿರೋಧ ಇಲ್ಲ,” ಅಂದರು ಅಧ್ಯಕ್ಷರು. “ಬರ್ಕೊಳ್ಳಿ.”

“ಅವತ್ತು ಒಟ್ಟಿಗೆ ಹೇಳಿದ್ದು ಸಾರ್. ಇವತ್ತಿಂದು ಇನ್ನೂ ಹೇಳಿಲ್ಲ.”

ಚಿಕ್ಕಪ್ಪ ಒಂದು ಸಲ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಕೂಡಲೇ ಎದೆಗೆ ಕೈ ಇಟ್ಟು ಸಂಕಟದ ಮುಖ ಮಾಡಿದರು. ಚಿಕ್ಕಪ್ಪ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಈಗ ಅವರಿಗೆ ಯಾರ ಸಂಕಟವೂ ಕಾಣುತ್ತಿರಲಿಲ್ಲ.

“ಪರವಾಗಿ...” ಅಂದರು.

ನಿಲ್ಲಿಸಿದರು. ಬೆವರು ಒರೆಸಿಕೊಂಡರು. ಯಾರೋ ನೀರು ಕೊಟ್ಟರು, ಕುಡಿದರು. ಲೋಟವನ್ನು ಎಲ್ಲಿಡುವುದೆಂದು ಹುಡುಕಿದರು. ಅದನ್ನೂ ಯಾರೋ ಇಸಿದುಕೊಂಡರು.

“ಮುಂದಕ್ಕೆ ಹೇಳಪ್ಪ,” ಅಂದರು ಮೇಲಿನ ಮನೆಯ ಅಜ್ಜಿ. “ನಂಗೂ ವಯಸ್ಸಾಯ್ತು.”

“...ಇಲ್ಲ.”

ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ಹಾಕಿದರು. “ಹಾಗಾದ್ರೆ ನಾನು ತಿದ್ದೋದೇನಿಲ್ಲ. ಅವತ್ತೇ ಬರ್ಕೊಂಡಿದೀನಿ.”

ಅಧ್ಯಕ್ಷರು ಬಿಡಲಿಲ್ಲ. “ಒಬ್ಬರಿಗೋಸ್ಕರ ಮಿಕ್ಕೋರೆಲ್ಲರ ಆರೋಗ್ಯ...”

“ಯಾರ ಆರೋಗ್ಯ?” ಅಂದರು ಅಜ್ಜಿ. “ನಾನು ಅವತ್ತು ಕೈ ಎತ್ತಿದ್ದು ಭುಜ ಹಿಡ್ಕೊಂಡಿತ್ತು ಅಂತ. ಎತ್ತಿ ಇಳಿಸು ಅಂದಿದ್ರು ಡಾಕ್ಟ್ರು.”

ಒಬ್ಬರು ಬೇಡ ಅಂದಿದ್ದೇ ತಡ, ಉಳಿದವರ ಗಂಟಲಲ್ಲಿ ಕೂತಿದ್ದದ್ದೆಲ್ಲ ಹೊರಬಂತು. ಮಗಳ ಯೂನಿಫಾರಮ್ಮು ಇನ್ನು ಎಲ್ಲಿ ಹೊಲಿಸುವುದು ಎಂದು ಒಬ್ಬರು ಕೇಳಿದರು. ಮೆಟ್ಟಿಲ ಕೆಳಗೆ ಓಡಿದರೆ ತಲೆ ತಾಗುವುದಿಲ್ಲವೇ ಎಂದು ಇನ್ನೊಬ್ಬರು. ಕೊನೆಗೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಧ್ಯಕ್ಷರ ಹೆಂಡತಿ, “ಇವರು ಎಲ್ಲರೂ ಒಪ್ಪಿದಾರೆ ಎಲ್ಲರೂ ಒಪ್ಪಿದಾರೆ ಅಂತಿದಾರೆ. ಈ ಮಿಷನ್ನು ತಗೋಬೇಡಿ ಅಂತ ಮೊದಲು ಹೇಳಿದ್ದೇ ನಾನು. ನನ್ನ ವಿರೋಧಾನೂ ಬರ್ಕೊಳ್ಳಿ” ಅಂದರು. ಕಾರ್ಯದರ್ಶಿಗಳು ಮತ್ತೆ ಮುಚ್ಚಳ ತೆಗೆದರು.

ಕೋಣೆ ಉಳಿಯಿತು. ಟ್ರೆಡ್‌ಮಿಲ್ಲು ಅಧ್ಯಕ್ಷರ ಬಾಲ್ಕನಿ ಸೇರಿತು. ಈಗ ಅವರು ದಿನಾ ಬೆಳಿಗ್ಗೆ ರಸ್ತೆಗೆ ಮುಖ ಮಾಡಿ ಅದರ ಮೇಲೆ ನಡೆಯುತ್ತಾರೆ. ಕೆಳಗೆ ಹೋಗುವವರೆಲ್ಲ ತಲೆ ಎತ್ತಿ, “ಏನ್ ಸಾರ್, ಎಲ್ಲಿಗೋ ಹೊರಟ್ರಿ?” ಎಂದು ಕೇಳುತ್ತಾರೆ.

ಆದರೆ ನಮ್ಮ ಮನೆಯಲ್ಲಿ ಅವತ್ತು ವಿಷಯ ಅಲ್ಲಿಗೆ ಮುಗಿಯಲಿಲ್ಲ. ಸಭೆಯಿಂದ ಮೆಟ್ಟಿಲು ಹತ್ತುತ್ತ ಚಿಕ್ಕಮ್ಮ ತುಟಿಯಿಂದ ಒಂದೊಂದೇ ಪಿನ್ನು ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿದರು. ಕೊನೆಯ ಪಿನ್ನು ಹೊರಗೆ ಬಂದಾಗ ನಾವು ನಮ್ಮ ಬಾಗಿಲಲ್ಲಿದ್ದೆವು.

“ಒಟ್ಟಿಗೆ ಹೇಳಿದ್ರಾ,” ಅಂದರು.

“ನಿಂಗೆ ಶುಕ್ರವಾರಾನೇ ಹೇಳೋಕೆ ಬಂದಿದ್ದೆ.”

“ನನ್ನ ರೂಮು ಹೋದ್ರೂ ಪರವಾಗಿಲ್ಲ. ಅಲ್ವಾ? ಬಾಗಿಲಲ್ಲಿ ನಿಲ್ಸಿ, ಮಗೂಗೆ ಹೇಳ್ಕೊಟ್ಟ ಹಂಗೆ ಹೇಳ್ಕೊಟ್ಟು ಕಳ್ಸಿದ್ದೆ. ಎರಡಕ್ಷರ.”

ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಬಾಯಿಂದ ಬರುವ ಮಾತು ಲೋಕಕ್ಕೇ ಗೊತ್ತು. ಅದು ತುಟಿಯ ತನಕ ಬಂದದ್ದು ನನಗೆ ಕಾಣಿಸಿತು. ಆದರೆ ಹೊರಗೆ ಬಂದದ್ದು ಬೇರೆ.

“ನೀನು ಕೇಳೋದೇ ಹಂಗೆ. ಉತ್ರಾನೂ ನೀನೇ ಹೇಳ್ಕೊಡ್ತೀಯ. ನಂಗೆ ಏನು ಬೇಕು ಅಂತ ಯಾವತ್ತಾದ್ರೂ ಕಾದಿದೀಯಾ?”

ಚಿಕ್ಕಮ್ಮ ಗೋಡೆಗೆ ಒರಗಿದರು. ಚೆಂಡು ವಾಪಸ್ ಬಂದಿತ್ತು.

“ಕಾದೂ ಕಾದೂ ಸಾಕಾಗೇ ನಾನು ಹೇಳ್ಕೊಡೋಕೆ ಶುರು ಮಾಡಿದ್ದು. ಈಗ ಹೇಳಿ. ಏನು ಬೇಕು?”

“ಆ ಹಸಿರು ಪರದೆ ಬೇಡ. ಮೊದಲ್ನೇ ದಿನದಿಂದ ನಂಗೆ ಇಷ್ಟ ಇಲ್ಲ. ಕೊಳದೊಳಗೆ ಮಲಗಿದಂಗೆ ಇರುತ್ತೆ.”

“ನಂಗೂ ಇಷ್ಟ ಇಲ್ಲ.”

“ಮತ್ತೆ ಯಾಕೆ ಹಾಕ್ದೆ?”

“ನಿಮಗೆ ಇಷ್ಟ ಅಂತ. ನೀವೇ ತಾನೇ ಪರವಾಗಿಲ್ಲ ಅಂದಿದ್ದು.”

ಪಕ್ಕದ ಮನೆಯ ಟೀವಿ ಸೌಂಡು ಸಣ್ಣದಾಯಿತು. ಮೇಲಿನ ಮನೆಯ ಅಜ್ಜಿಯದು ನಿಂತೇ ಹೋಯಿತು, ಮಗ ಹೇಳದೆಯೇ. ಜಗಳ ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಮಲಗುವ ಕೋಣೆಗೆ ಹೋಗಿ, ಪರದೆ ಬಿಚ್ಚುವ ಸದ್ದಿನಲ್ಲಿ ಮುಂದುವರಿಯಿತು. ಸ್ಟೂಲನ್ನು ಚಿಕ್ಕಪ್ಪ ಹಿಡಿದುಕೊಂಡಿದ್ದರು. ಚಿಕ್ಕಮ್ಮ ಮೇಲೆ ನಿಂತು ಬೈಯುತ್ತ ಕೊಕ್ಕೆ ಬಿಡಿಸುತ್ತಿದ್ದರು. ಕೆಳಗಿನಿಂದಲೂ ಉತ್ತರ ಹೋಗುತ್ತಿತ್ತು. ನಾನು ಊಟ ಬಡಿಸಿಕೊಂಡು ಉಂಡೆ. ಉಪ್ಪು ಸರಿಯಾಗಿತ್ತು.

ಆಮೇಲೆ ಚಿಕ್ಕಪ್ಪ ಕೊಡೆಯ ಕಥೆಯನ್ನು ಹೊಸದಾಗಿ ಬರೆದರು. ಈ ಸಲ ರಿಪೇರಿಯವನು ಕೊಡೆಯನ್ನು ಕೆಡಿಸುತ್ತಾನೆ. ಕೊಡೆಯವನು, “ಏನ್ರೀ ಇದು” ಅನ್ನುತ್ತಾನೆ. ಮಳೆ ಬರುತ್ತದೆ, ಇರುವುದೊಂದೇ ಮುರುಕು ಕೊಡೆ, ಇಬ್ಬರೂ ಅದರ ಕೆಳಗೆ ನಿಂತು ಜಗಳ ಮುಂದುವರಿಸುತ್ತಾರೆ. ಮೇಷ್ಟ್ರಿಗೆ ಕೊಡುವ ಮೊದಲು ಚಿಕ್ಕಮ್ಮನಿಗೆ ಓದಬೇಕೆಂದು ಮೆಟ್ಟಿಲ ಕೆಳಗಿನ ಕೋಣೆಗೆ ಹೋದರು. ಅಲ್ಲಿ ಕೂರಲು ಈಗ ಅವರಿಗೂ ಒಂದು ಸ್ಟೂಲು ಬಂದಿತ್ತು.

ಚಿಕ್ಕಮ್ಮ ಮಿಷನ್ನು ನಿಲ್ಲಿಸಿ ಕೊನೆಯ ತನಕ ಕೇಳಿದರು. ಹೊಸ ಪರದೆಯ ಬಟ್ಟೆ ಮಡಿಲಲ್ಲಿತ್ತು. ದಾರವನ್ನು ಹಲ್ಲಿನಿಂದ ಕಡಿದು, ಹೇಳಿದರು:

“ಪರವಾಗಿಲ್ಲ.”

ಚಿಕ್ಕಪ್ಪ ಕಾದರು.

“ಒಟ್ಟಿಗೋ, ಬಿಡಿಸಿಯೋ?”

ಚಿಕ್ಕಮ್ಮ ನಗು ಬಂದದ್ದು ಕಾಣದಂತೆ ತಲೆ ಬಗ್ಗಿಸಿ, ಚಕ್ರಕ್ಕೆ ಕೈ ಕೊಟ್ಟರು. ಮಿಷನ್ನು ಟಕಟಕ ಎಂದು ಓಡತೊಡಗಿತು.

“ಏನ್ರೀ ಇದು,” ಅಂದರು ಚಿಕ್ಕಪ್ಪ, ಸ್ಟೂಲಿನಿಂದ ಎದ್ದು. ಎರಡೂ ಹುಬ್ಬು ಒಟ್ಟಿಗೇ ಗಂಟಾಗಿದ್ದವು. “ಸರಿಯಾಗಿ ಹೇಳು ಮತ್ತೆ.”

ಮೇಲೆ ಒಂದೊಂದಾಗಿ ಟೀವಿಗಳ ಸೌಂಡು ಸಣ್ಣದಾಯಿತು.